ಸುಮ್ಮನೆ ಉರುಳಿದ ದಾಳಗಳು

ಸೊಸೆ ಮಾನಿಟರನ್ನು ಎದೆಗವಚಿಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ವೈರು ಹಿಂದೆ ಬಾಲದ ಹಾಗೆ ಬಡಿಯುತ್ತಿತ್ತು. ಕೆಳಗೆ ಬಾಡಿಗೆ ಕುರ್ಚಿಗಳನ್ನು ಬಿಡಿಸಿ ಹಾಕುತ್ತಿದ್ದ ಗಂಡ ತಲೆಯೆತ್ತಿದ.

"ಇವತ್ತೇ ಬೇಕಾ ಇದೆಲ್ಲ? ಬಂದೋರು ಏನಂದ್ಕೋತಾರೆ?"

"ನಿಮ್ಮಮ್ಮ ಹೇಳಿದ್ದು. ಬೇಡ ಅಂತ ನೀವೇ ಹೋಗಿ ಹೇಳಿ ನೋಡೋಣ."

ಅವನು ಇನ್ನೊಂದು ಕುರ್ಚಿ ಬಿಡಿಸಿದ.

ಹಜಾರದ ಕಿಟಕಿಯ ಕೆಳಗೆ ಎರಡು ಬೆಂಚು ಜೋಡಿಸಿ ಮಾವನ ಶವಪೆಟ್ಟಿಗೆ ಇಟ್ಟಿದ್ದರು. ಇಸ್ತ್ರಿ ಮಾಡಿದ ನೀಲಿ ಅಂಗಿ. ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಆ ಕೈಗಳನ್ನು ಯಾರೋ ಅಕ್ಕರೆಯಿಂದ ತೊಳೆದಿದ್ದರು; ಆದರೂ ಉಗುರಿನ ಅಂಚಿನ ಕಪ್ಪು ಹೋಗಿರಲಿಲ್ಲ. ತಲೆಯ ಹತ್ತಿರ ಕೂತಿದ್ದ ಅತ್ತೆ ಬೆಳಿಗ್ಗೆಯಿಂದ ಕೇಳಿದ್ದು ಒಂದೇ ಒಂದು.

"ಮೂರು ಗಂಟೆಗೆ ವ್ಯಾನು ಬರುತ್ತೆ. ಅಷ್ಟರೊಳಗೆ ನನ್ನ ಊರನ್ನ ಒಂದ್ಸಲ ಇವರ ಪಕ್ಕ ಹಾಕಮ್ಮ. ಇಬ್ರೂ ಕೂತು ನೋಡ್ತೀವಿ."

ಊರು ಎಂದರೆ ಮಾವ ಮಾಡಿದ ಆಟಿಕೆ. ಬ್ರೌಸರಿನಲ್ಲಿ ತೆರೆದುಕೊಳ್ಳುವ ಒಂದು ಪುಟ, ಅದರಲ್ಲಿ ಮಣ್ಣು ಬಣ್ಣದ ಖಾಲಿ ನೆಲ, ಮೂಲೆಯಲ್ಲಿ ಒಂದು ಚೌಕ. ಚೌಕದೊಳಗೆ ಯಾವುದಾದರೂ ಸಂಖ್ಯೆ ಬರೆದು ಒತ್ತಿದರೆ ನೆಲದ ಮೇಲೆ ಹೊಳೆ ಹರಿಯುತ್ತದೆ, ಬೀದಿಗಳು ಕವಲೊಡೆಯುತ್ತವೆ, ಮನೆಗಳು ಒಂದೊಂದಾಗಿ ಮೇಲಿನಿಂದ ಧುಮುಕಿ ಕೂರುತ್ತವೆ. ಛಾವಣಿ ಒತ್ತಿದರೆ ಪಾರಿವಾಳ ಹಾರುತ್ತದೆ. ಅಷ್ಟೇ. ಇದರಿಂದ ಏನು ಉಪಯೋಗ ಎಂದು ಕೇಳಿದವರಿಗೆ ಮಾವ "ನೋಡೋದು" ಎನ್ನುತ್ತಿದ್ದರು. ಒಂದು ಸಂಖ್ಯೆಗೆ ಒಂದು ಊರು. ಎಷ್ಟು ಸಲ ಒತ್ತಿದರೂ ಅದೇ ಊರು. ನೆಂಟರಿಗೆ, ನೆರೆಯವರಿಗೆ, ಜೊತೆ ಕೆಲಸ ಮಾಡಿದವರಿಗೆಲ್ಲ ಅವರು ಒಂದೊಂದು ಸಂಖ್ಯೆ ಹುಡುಕಿ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅತ್ತೆಯದು ೭೦೩೧೬.

ಸೊಸೆ ಪ್ಲಗ್ ಸಿಕ್ಕಿಸಿ, ಸಂಖ್ಯೆ ಒತ್ತಿದಳು.

"ಟೊಕ್. ಟೊಕ್ ಟೊಕ್. ಟೊಕ್."

ಹಜಾರ ಗಪ್ಪಾಯಿತು. ಮನೆ ನೆಲಕ್ಕೆ ಕೂರುವ ಸದ್ದು ಅದು. ಮಾವ ತಮ್ಮ ನಾಲಿಗೆಯನ್ನೇ ಅಂಗುಳಕ್ಕೆ ಹೊಡೆದು ರೆಕಾರ್ಡ್ ಮಾಡಿದ್ದರು. ಸ್ಪೀಕರು ಹಾಕಿರುವುದು ಅವಳಿಗೆ ಮರೆತೇ ಹೋಗಿತ್ತು. ಆಗಷ್ಟೇ ಬಾಗಿಲಿಗೆ ಬಂದಿದ್ದ ಮಾವನ ಜೋಡಿ ಮೆಕ್ಯಾನಿಕ್ಕು, ಊರಿಗೆಲ್ಲ ಗ್ರೀಸಣ್ಣ, ಚಪ್ಪಲಿ ಬಿಡಲೂ ಮರೆತು ನಿಂತ. "ಲೋ, ಇನ್ನೂ ಕಟ್ತಾನೇ ಇದೀಯೇನೋ ಮಾರಾಯ," ಎಂದ. ಅತ್ತೆ ಅವನ ಕೈ ಹಿಡಿದು ಅತ್ತುಬಿಟ್ಟರು.

ಸೊಸೆ ಮಾತ್ರ ಪರದೆಯನ್ನು ನೋಡುತ್ತಿದ್ದಳು. ಅತ್ತೆಯ ಊರಿನ ಹೊಳೆ ಕೆಳಗಡೆ, ಎಡದಿಂದ ಬಲಕ್ಕೆ ಬಳುಕಿ ಹೋಗಬೇಕು. ಇಲ್ಲಿ ಅದು ಮೇಲಿನಿಂದ ನೆಟ್ಟಗೆ ಇಳಿದಿತ್ತು. ಸೇತುವೆ ಎರಡಿದ್ದವು. ಹೊಳೆಗೆ ಮುಖ ಮಾಡಿದ ಮನೆ ಒಂದೂ ಇರಲಿಲ್ಲ. ಸಂಖ್ಯೆ ತಪ್ಪಿತೇನೋ ಎಂದು ಮತ್ತೆ ಓದಿದಳು. ತಪ್ಪಿರಲಿಲ್ಲ.

ಅವಳು ಪರದೆ ಆರಿಸಿದಳು.

"ಏನಾಯ್ತಮ್ಮ?"

"ಲೂಸ್ ಕನೆಕ್ಷನ್ ಅನ್ಸುತ್ತೆ ಅತ್ತೆ. ಒಳಗೆ ತಗೊಂಡು ಹೋಗಿ ಸರಿಮಾಡ್ತೀನಿ."

ಗೋಡೆಯ ಗಡಿಯಾರದಲ್ಲಿ ಹನ್ನೆರಡಾಗಲು ಹತ್ತು ನಿಮಿಷ. ಪಕ್ಕದ ಮನೆಯ ಟೈಲರಮ್ಮ ಪರ್ಸಿನಿಂದ ಒಂದು ಚೀಟಿ ತೆಗೆದು, "ಸರಿಯಾದ್ಮೇಲೆ ನಂದೂ ಒಂದು ತೋರ್ಸು ಕಣೇ. ನನ್ನೂರಲ್ಲಿ ಮೂರು ಸೇತುವೆ ಇದಾವೆ," ಎಂದಳು. ಸೊಸೆ ತಲೆಯಾಡಿಸಿದಳು. ತಲೆಯಾಡಿಸುವುದು ಅವಳಿಗೆ ಯಾವಾಗಲೂ ಸುಲಭ.

*

ಐದು ವರ್ಷದ ಹಿಂದೆ ಸಂಜೆ ತರಗತಿಗೆ ಹೆಸರು ಬರೆಸಿದ್ದು ಅವಳು. ಹಗಲು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ. ಸಂಜೆ ಶಾಲೆಯ ಕಟ್ಟಡದಲ್ಲಿ ವೆಬ್ ಪುಟ ಮಾಡುವ ಪಾಠ. ಆಗಷ್ಟೇ ನಿವೃತ್ತರಾಗಿದ್ದ ಮಾವ ಅವಳನ್ನು ಬಿಡಲು ಬಂದವರು, ಒಂದು ಜಾಗ ಖಾಲಿ ಇದೆ ಎಂದು ಮೇಷ್ಟ್ರು ಕರೆದದ್ದಕ್ಕೆ ಸುಮ್ಮನೆ ಕೂತರು. ಮಕ್ಕಳ ಬೆಂಚು, ಮಂಡಿ ಎದೆಗೆ ತಾಗುತ್ತಿತ್ತು.

ಅವಳು ಮೂರು ಬಣ್ಣದ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದಳು. ಕೆಂಪಿನಲ್ಲಿ ತಪ್ಪುಗಳು. ಮಾವ ಏನನ್ನೂ ಬರೆಯಲಿಲ್ಲ. ನಾಲ್ಕನೇ ವಾರ ಕೈಯೆತ್ತಿ ಕೇಳಿದರು, "ಸಾರ್, ಇದರ ಕೈಲಿ ದಾಳ ಹಾಕ್ಸೋಕಾಗುತ್ತಾ?"

ಆಗುತ್ತಿತ್ತು. ಇನ್ನೂ ವಿಚಿತ್ರವೆಂದರೆ, ಒಂದು ಸಂಖ್ಯೆ ಕೊಟ್ಟು ಶುರುಮಾಡಿಸಿದರೆ ದಾಳಗಳು ಪ್ರತಿಸಲವೂ ಅದೇ ಸರದಿಯಲ್ಲಿ ಬೀಳುತ್ತಿದ್ದವು. ಒಂದು ಬಿದ್ದದ್ದು ಹೊಳೆಗೆ, ಆಮೇಲಿನದು ಸೇತುವೆಗೆ, ಅದರಾಚೆಯದು ಬೀದಿಗೆ, ಮನೆಗೆ, ಛಾವಣಿಗೆ. ಮಾವ ಊರನ್ನು ಬರೆಯಲಿಲ್ಲ. ನಿಯಮ ಬರೆದು, ಊರು ತಾನಾಗಿ ಬೆಳೆಯುವುದನ್ನು ಬೆಂಚಿನ ಮೇಲೆ ಮುದುರಿಕೊಂಡು ನೋಡಿದರು. ಮುಖ ಹೇಗಾಗಿತ್ತೆಂದರೆ ಮೇಷ್ಟ್ರು ಪಾಠ ನಿಲ್ಲಿಸಿದರು.

"ಮಾವ, ಎಲ್ಲ ಮನೇನೂ ಮೂರೇ ಮಹಡಿ ಯಾಕೆ?"

"ನಾಲ್ಕಾದ್ರೆ ಲಿಫ್ಟ್ ಹಾಕ್ಬೇಕಾಗುತ್ತಮ್ಮ. ಇಲ್ಲಾದ್ರೂ ನನಗೆ ಫೋನು ಬರೋದು ಬೇಡ."

ನಲವತ್ತು ವರ್ಷ ಅವರು ಕಟ್ಟಡಗಳನ್ನು ನೋಡಿದ್ದು ಒಳಗಿನ ಕತ್ತಲೆ ಕೊಳವೆಯಿಂದ. ಎದುರಿನಿಂದ ಅವು ಹೇಗೆ ಕಾಣುತ್ತವೆಂದು ನಿಂತು ನೋಡಲು ಪುರುಸೊತ್ತು ಸಿಕ್ಕಿದ್ದೇ ಈಗ.

*

ಹಿಂದಿನ ಕೋಣೆಯಲ್ಲಿ ಒಗೆದ ಬಟ್ಟೆಯ ರಾಶಿ ಸರಿಸಿ, ಸೊಸೆ ಕಂಪ್ಯೂಟರ್ ಜೋಡಿಸಿಕೊಂಡು ಕೂತಳು. ಮಾವ ಬರೆದ ಪ್ರೋಗ್ರಾಮಿನ ಸಾಲುಗಳನ್ನು ತೆರೆದಳು. ಮಾವನವಲ್ಲ, ಈಗ ಅವು ಅವಳ ಸಾಲುಗಳು.

ಮಾಡಿದ್ದು ಅವಳೇ. ಮಾವ ಆಸ್ಪತ್ರೆಯಲ್ಲಿ ಮಲಗಿದ್ದ ಆ ಹದಿನೈದು ದಿನ, ಮಧ್ಯಾಹ್ನದ ಪಾಳಿ ಅವಳದಾಗಿತ್ತು. ಅವರು ನಿದ್ದೆ ಹೋದಾಗ ಕೈ ಕಟ್ಟಿ ಕೂರಲಾಗದೆ ಲ್ಯಾಪ್‌ಟಾಪಿನಲ್ಲಿ ಅವರ ಪುಟವನ್ನು ತೆರೆದಳು. ಒಳಗೆ ನೋಡಿದರೆ ಹಳೇ ಸಾಮಾನಿನ ಅಟ್ಟ. ಎಲ್ಲೆಂದರಲ್ಲಿ ದಾಳ ಉರುಳಿಸಿ, ಬಿದ್ದದ್ದನ್ನು ಯಾವುದಕ್ಕೂ ಬಳಸದ ಸಾಲುಗಳು. ಪಾಪ, ಬರೆದು ಮರೆತಿದ್ದಾರೆ ಎಂದುಕೊಂಡಳು. ಒಂದೊಂದೇ ತೆಗೆದಳು. ಚಿತ್ರ ಬಿಡಿಸುವಲ್ಲಿ ಇದ್ದ ಕೆಲವು ತಪ್ಪುಗಳನ್ನೂ ತಿದ್ದಿದಳು. ಅವರು ಮನೆಗೆ ಬಂದಾಗ ಅಚ್ಚುಕಟ್ಟಾಗಿರಲಿ ಎಂದು ಹಳೆಯದರ ಮೇಲೇ ಹೊಸದನ್ನು ಏರಿಸಿದಳು. ಗೊಂದಲ ಬೇಡವೆಂದು ಹಳೆಯ ಪ್ರತಿಗಳನ್ನೂ ಅಳಿಸಿದಳು. ಪುಸ್ತಕದಲ್ಲಿ ಬರೆದಿಟ್ಟಳು: 'ಕೆಲಸಕ್ಕೆ ಬಾರದ ಸಾಲು, ಹನ್ನೊಂದು, ತೆಗೆದಿದೆ.' ಎಲ್ಲಿಂದ ತೆಗೆದಳೆಂದು ಬರೆಯಲಿಲ್ಲ.

ಚಿಕ್ಕಂದಿನಲ್ಲಿ ಅವಳಮ್ಮ ಹೇಳುತ್ತಿದ್ದಳು: ಇವಳು ಪಾತ್ರೆ ಉಜ್ಜೋಕೆ ಕೂತ್ರೆ ತೂತು ಮಾಡಿಯೇ ಏಳೋದು.

ಮಾವ ಮನೆಗೆ ಬಂದದ್ದು ಇವತ್ತು ಬೆಳಿಗ್ಗೆ.

ಒಂದು ಗಂಟೆಯಾಯಿತು. ಅವಳು ಅಲ್ಲಿ ಇಲ್ಲಿ ಒಂದೊಂದು ಸಾಲು ತುರುಕಿ ನೋಡಿದಳು. ಪ್ರತಿಸಲವೂ ಬೇರೊಂದು ಊರು, ಕಂಡು ಕೇಳದ ಊರು. ಗಂಡ ಎರಡು ಸಲ ಇಣುಕಿ, "ಆಯ್ತಾ?" ಎಂದು ಕೇಳಿ ಹೋದ. ಮೂರನೇ ಸಲ ಬಂದದ್ದು ಗ್ರೀಸಣ್ಣ, ಎರಡು ಲೋಟ ಟೀ ಹಿಡಿದು.

"ಕುಡಿ ತಾಯಿ. ಮುಖ ನೋಡಿದ್ರೆ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರ ಥರ ಇದೆ."

ಅವಳು ನಗಲು ಹೋದಳು, ಆಗಲಿಲ್ಲ. ಅವನು ಬಟ್ಟೆಗಳ ಪಕ್ಕ ಕೂತು, ಯಾರಿಗೆಂದಿಲ್ಲದೆ ಮಾತು ತೆಗೆದ.

"ನಿನ್ನ ಮಾವನ ಜೊತೆ ಜಗಳ ಆಡಿದ್ದು ಒಂದೇ ಸಲ. ಒಂದು ಕಟ್ಟಡದಲ್ಲಿ ನಾಲ್ಕನೇ ಮಹಡಿ ಮುಚ್ಚಿಬಿಟ್ರು, ಗೋಡೋನು ಮಾಡ್ಕೊಂಡ್ರು. ಲಿಫ್ಟ್ ಅಲ್ಲಿ ನಿಲ್ಲೋ ಹಾಗಿಲ್ಲ. ನಾಲ್ಕರ ಬಟನ್ ಕಿತ್ತಾಕಿ, ಮಿಕ್ಕಿದ್ದನ್ನ ಕೆಳಗೆ ಸರಿಸಿ ಅಂತ ಕಂಪನಿ ಹೇಳ್ತು. ನಾನು ಸ್ಕ್ರೂಡ್ರೈವರ್ ತೆಗೆದೆ. ಇವನು ಕೈ ಹಿಡ್ಕೊಂಡ. ಬೇಡ, ಬಟನ್ ಇರ್ಲಿ, ವೈರು ಮಾತ್ರ ಬಿಚ್ಚು ಅಂತ. ಒತ್ತಿದ್ರೆ ಏನೂ ಆಗದೇ ಇರೋ ಬಟನ್ ಯಾಕೋ ದಂಡ ಅಂದೆ. ಐದರಲ್ಲಿ ಒಬ್ಬ ಕುರುಡ ಇದಾನೆ, ಕೆಳಗಿಂದ ಬೆರಳಲ್ಲಿ ಎಣಿಸಿ ಒತ್ತುತಾನೆ. ನೀನು ಒಂದು ತೆಗೆದ್ರೆ ಅವನು ದಿನಾ ಬೇರೆಯೋರ ಬಾಗಿಲು ತಟ್ತಾನೆ ಅಂದ."

ಸೊಸೆಯ ಕೈಯ ಲೋಟ ಅಲ್ಲೇ ನಿಂತಿತು.

ಬರೆದು ಮರೆತ ಸಾಲುಗಳಲ್ಲ ಅವು. ಊರಿನಿಂದ ಏನನ್ನಾದರೂ ತೆಗೆದಾಗಲೆಲ್ಲ ಮಾವ ಅದರ ದಾಳವನ್ನು ಹಾಗೇ ಉಳಿಸಿದ್ದರು. ಅದು ಸುಮ್ಮನೆ ಉರುಳಲಿ, ಅದರ ನಂತರದ ದಾಳಗಳು ತಮ್ಮ ತಮ್ಮ ಮನೆಗೇ ಬೀಳಲಿ ಎಂದು. ಚೀಟಿ ಇಟ್ಟುಕೊಂಡವರ ಊರು ಅಲುಗಾಡದಿರಲಿ ಎಂದು. ಅವಳು ಹನ್ನೊಂದು ಬಟನ್ ಕಿತ್ತಿದ್ದಳು. ಈಗ ಎಲ್ಲರೂ ಬೇರೆಯವರ ಬಾಗಿಲು ತಟ್ಟುತ್ತಿದ್ದರು.

"ಗ್ರೀಸಣ್ಣ," ಎಂದಳು. "ಅತ್ತೇನ ಒಂಚೂರು ಕರೀತೀರಾ?"

*

ಅತ್ತೆ ಬಂದು ಬಾಗಿಲಲ್ಲೇ ನಿಂತರು. ಗಂಟೆ ಒಂದೂ ನಲವತ್ತು.

"ವೈರಿಗೇನೂ ಆಗಿಲ್ಲ ಅತ್ತೆ. ಸುಳ್ಳು ಹೇಳ್ದೆ. ನಾನೇ ಕೆಡಿಸಿದೀನಿ. ನಿಮ್ಮೂರು ಬರ್ತಿಲ್ಲ. ಯಾರ ಊರೂ ಬರ್ತಿಲ್ಲ."

"ಕೆಡಿಸಿದೀಯಾ ಅಂದ್ರೆ?"

"ಆಸ್ಪತ್ರೇಲಿ ಕೂತಾಗ, ಬೇಡದೇ ಇರೋದನ್ನೆಲ್ಲ ತೆಗೆದು ಒಪ್ಪ ಮಾಡೋಣ ಅಂತ..."

"ಅವರು ಕೇಳಿದ್ರಾ?"

"ಇಲ್ಲ."

"ಅವರು ಅಲ್ಲಿ ಉಸಿರು ಎಳೀತಾ ಮಲಗಿರೋವಾಗ, ನೀನು ಪಕ್ಕದಲ್ಲಿ ಕೂತು ಅವರ ಮನೆ ಗುಡಿಸ್ತಿದ್ದೆ."

ಅತ್ತಿದ್ದರೆ ಚೆನ್ನಾಗಿತ್ತು, ಸೊಸೆಗೆ ಅಳುವೂ ಬರಲಿಲ್ಲ.

"ಹನ್ನೊಂದು ತಿಂಗಳು ಹುಡುಕಿದ್ರು ಕಣೇ. ಬೆಳಿಗ್ಗೆ ಎದ್ದು ಒಂದರಿಂದ ಶುರು. ಸಾವಿರ, ಎರಡು ಸಾವಿರ. ಒಂದೂ ಬಿಡದೆ. ಎಪ್ಪತ್ತು ಸಾವಿರ ಊರು ನೋಡಿ, ಇದು ನಿನ್ನದು ಅಂದ್ರು."

"ಒಂದು ಫೋಟೋನಾದ್ರೂ ಇದ್ಯಾ ಅತ್ತೆ?"

"ನಂಬರ್ ಇರೋವಾಗ ಫೋಟೋ ಯಾಕೆ ತೆಗೀತಾರೆ?"

ಹಜಾರದಲ್ಲಿ ಯಾರೋ ಸೀನಿದರು. ಅತ್ತೆ ಆ ಕಡೆ ತಿರುಗಿದರು, ಹೋಗಿಯೇಬಿಟ್ಟರು ಎಂದು ಸೊಸೆ ಅಂದುಕೊಂಡಳು. ಆದರೆ ಅವರು ಒಂದು ಕುರ್ಚಿ ಎಳೆದು ತಂದು ಅವಳ ಪಕ್ಕಕ್ಕೆ ದಬ್ಬಿ ಕೂತರು. "ಏನು ಬೇಕು, ಕೇಳು."

"ಊರಲ್ಲಿ ಮೊದಲು ಇದ್ದು, ಮಾವ ಆಮೇಲೆ ತೆಗೆದಿದ್ದು ಏನೇನು? ಒಂದೊಂದಕ್ಕೂ ಒಂದೊಂದು ಸಾಲು ಹಾಕ್ತೀನಿ. ಸರಿಯೋ ತಪ್ಪೋ ನೀವೇ ಹೇಳ್ಬೇಕು. ನಾನು ನಿಮ್ಮೂರನ್ನ ನೋಡಿದೀನಿ ಅಷ್ಟೇ. ಬಾಯಿಪಾಠ ನಿಮಗೇ ಇರೋದು."

ಅತ್ತೆ ಕನ್ನಡಕ ಹಾಕಿಕೊಂಡರು. "ಬೆಟ್ಟ ಇತ್ತು. ಎಲ್ಲಕ್ಕೂ ಮುಂಚೆ, ಹಿಂದುಗಡೆ. ಗಾಳಿ ತಡೆಯುತ್ತೆ, ಜನಕ್ಕೆ ಸೆಕೆ ಆಗುತ್ತೆ ಅಂತ ತೆಗೆದ್ರು."

"ಊರಲ್ಲಿ ಜನಾನೇ ಇಲ್ವಲ್ಲ!" ಎಂದ ಬಾಗಿಲಲ್ಲಿದ್ದ ಗ್ರೀಸಣ್ಣ.

"ಅದನ್ನ ಅವರಿಗೆ ಹೇಳ್ಬೇಕಿತ್ತು."

ಸೊಸೆ ಹೊಳೆಯ ಮುಂಚೆ ಒಂದು ದಾಳ ಹಾಕಿದಳು. ಒತ್ತಿದಳು. ಹೊಳೆ ಕೆಳಗಡೆ, ಎಡದಿಂದ ಬಲಕ್ಕೆ, ಬಳುಕಿ ಹರಿಯಿತು.

"ಹಾಂ," ಎಂದರು ಅತ್ತೆ, ಉಸಿರು ಬಿಟ್ಟು. "ಸೇತುವೆ ಇಲ್ಲಲ್ಲ. ಇನ್ನೂ ಈ ಕಡೆ."

"ದೋಣಿ ಇತ್ತು," ಎಂದ ಗ್ರೀಸಣ್ಣ. "ಸೇತುವೆಗೆ ಸಿಕ್ಕೊಂಡು ಒದ್ದಾಡ್ತಿತ್ತು. ಅದಕ್ಕೇ ತೆಗೆದ."

ದೋಣಿಗೊಂದು ದಾಳ. ಸೇತುವೆ ತನ್ನ ಜಾಗಕ್ಕೆ ಬಂತು. ಬೀದಿಗಳ ಮುಂಚೆ ಗಡಿಯಾರದ ಗೋಪುರ ಇತ್ತಂತೆ. ಒಂದೊಂದು ಊರಲ್ಲಿ ಒಂದೊಂದು ಗಂಟೆ ತೋರಿಸಿ, ಮಾವನಿಗೆ ಡ್ಯೂಟಿಗೆ ತಡವಾದಂತೆ ಗಾಬರಿಯಾಗುತ್ತಿತ್ತಂತೆ. ದೀಪದ ಕಂಬ. ಬಾವಿ. ಬಟ್ಟೆ ಒಣಹಾಕುವ ಹಗ್ಗ, ಟೈಲರಮ್ಮನ ಒತ್ತಾಯಕ್ಕೆ ಹಾಕಿ, ಗೀಜಗದ ಗೂಡಿನಂತೆ ಕಾಣುತ್ತದೆಂದು ತೆಗೆದದ್ದು. ಗ್ರೀಸಣ್ಣ ಹಜಾರಕ್ಕೂ ಕೋಣೆಗೂ ಓಡಾಡಿ ಕೇಳಿಕೊಂಡು ಬರತೊಡಗಿದ. ಪೆಟ್ಟಿಗೆಯ ಸುತ್ತ ಪಿಸುಮಾತಿನಲ್ಲಿ ಕೂತಿದ್ದವರು ಈಗ ಗಟ್ಟಿಯಾಗಿಯೇ ವಾದಿಸುತ್ತಿದ್ದರು. "ನಾಯಿ ಇತ್ತು ರೀ, ನನ್ನೂರಲ್ಲಿ ಛಾವಣಿ ಮೇಲೆ ನಿಂತಿರ್ತಿತ್ತು!" "ನಾಯಿ ಮನೆ ಆದ್ಮೇಲೋ ಮುಂಚೇನೋ?" "ಮನೆ ಇಲ್ದೆ ಛಾವಣಿ ಎಲ್ಲಿಂದ ಬರುತ್ತೆ, ಒಳ್ಳೇ ಕತೆ!"

ಸೊಸೆ ಪರದೆ ನೋಡುವುದನ್ನು ಬಿಟ್ಟಿದ್ದಳು. ಒತ್ತುವುದು, ಅತ್ತೆಯ ಮುಖ ನೋಡುವುದು. ಕನ್ನಡಕದಲ್ಲಿ ಪುಟ್ಟ ಛಾವಣಿಗಳು ಧುಮುಕುತ್ತಿದ್ದವು. ಹುಬ್ಬು ಗಂಟಾದರೆ ತಪ್ಪು, ಬಿಟ್ಟರೆ ಸರಿ.

ಎರಡೂ ನಲವತ್ತಕ್ಕೆ ಹತ್ತು ಸಾಲಾಗಿತ್ತು. ಬೀದಿಗಳೆಲ್ಲ ಸರಿ, ಮುಕ್ಕಾಲು ಮನೆಗಳು ಸರಿ. ಹೊಳೆ ಅಂಚಿನ ಸಾಲು ಮಾತ್ರ ಕದಡಿಹೋಗಿತ್ತು. ಹನ್ನೊಂದನೆಯದು ಯಾರಿಗೂ ಹೊಳೆಯಲಿಲ್ಲ. ಗ್ರೀಸಣ್ಣ ಹಜಾರವನ್ನೆಲ್ಲ ಕೇಳಿ ಬರಿಗೈಯಲ್ಲಿ ಬಂದ.

"ಅಮ್ಮಾ, ವ್ಯಾನು ಬಂತು," ಎಂದ ಗಂಡ, ಬಾಗಿಲಲ್ಲಿ. "ಬೇಗ ಬಂದುಬಿಟ್ಟಿದಾರೆ."

"ಕಾಯ್ಲಿ. ನಿಮ್ಮಪ್ಪ ಎಷ್ಟು ಜನಕ್ಕೆ ಕಾದಿದಾರೆ."

ಸೊಸೆ ಕಣ್ಣು ಮುಚ್ಚಿದಳು. ಬೀದಿಯ ಮನೆಗಳ ನಂತರ, ಹೊಳೆ ಅಂಚಿನ ಮನೆಗಳ ಮುಂಚೆ. ಅಂಗಡಿ ಸಾಲು. ಬೋರ್ಡು. ಕನ್ನಡಕದ ಚಿತ್ರವಿದ್ದ ಪುಟ್ಟ ಬೋರ್ಡು, ಪ್ರತಿ ಊರಿನಲ್ಲೂ ಎಲ್ಲಾದರೊಂದು ಕಡೆ. "ನಿನ್ನ ಅಂಗಡಿ ಇಲ್ದಿದ್ರೆ ಊರಿಗೆ ಕಣ್ಣು ಕಾಣೋದು ಹೆಂಗಮ್ಮ?" ಎಂದಿದ್ದರು. ಅವಳಿಗೆ ನಾಚಿಕೆಯಾಗಿ, ಬೇಡ ಮಾವ, ತೆಗೀರಿ, ನೋಡಿದೋರು ನಗ್ತಾರೆ ಎಂದು ಗೋಗರೆದಿದ್ದಳು. ಅವರು ಮರುಮಾತಿಲ್ಲದೆ ತೆಗೆದಿದ್ದರು. ಬೋರ್ಡನ್ನು ಮಾತ್ರ. ಅದರ ದಾಳ ಇಷ್ಟು ವರ್ಷವೂ ಉರುಳುತ್ತಲೇ ಇತ್ತು.

ಅವಳು ಹನ್ನೊಂದನೇ ಸಾಲು ಹಾಕಿದಳು.

ಹೊಳೆ ಅಂಚಿನ ಮನೆಗಳು ಒಂದರ ಪಕ್ಕ ಒಂದು ಕೂತವು. ಕೊನೆಯದು, ಬೀದಿಯ ತುದಿಯಲ್ಲಿ: ಹೊರಗಡೆಯಿಂದ ಮೆಟ್ಟಿಲು, ನೀರಿಗೆ ಮುಖ, ಮೇಲಿನ ಕೋಣೆಯಲ್ಲಿ ಹಳದಿ ಬೆಳಕಿನ ಒಂದೇ ಕಿಟಕಿ. ಮದುವೆಯಾದ ಹೊಸತರಲ್ಲಿ ಅತ್ತೆ ಮಾವ ಬಾಡಿಗೆಗಿದ್ದ ಮನೆ ಥೇಟ್ ಹೀಗೇ ಇತ್ತೆಂದು ಎಲ್ಲರಿಗೂ ಗೊತ್ತು. ಅದನ್ನು ಕೆಡವಿ ಎಂಟು ಮಹಡಿ ಎಬ್ಬಿಸಿದ್ದರು. ಅದರ ಲಿಫ್ಟನ್ನು ಮಾವನೇ ನೋಡಿಕೊಳ್ಳುತ್ತಿದ್ದರು.

"ಬಂತು!" ಎಂದ ಗ್ರೀಸಣ್ಣ.

ಅತ್ತೆಯ ಹುಬ್ಬು ಬಿಡಲಿಲ್ಲ.

"ಸರಿ ಇದ್ಯಾ ಅತ್ತೆ?"

"ಮನೆ ಸರಿ." ಅವರು ಪರದೆಗೆ ಇನ್ನಷ್ಟು ಬಾಗಿದರು. "ಅವರಿಲ್ಲ."

ಗ್ರೀಸಣ್ಣ ಸೊಸೆಯ ಕಡೆ ನೋಡಿದ. ದುಃಖಕ್ಕೆ ಮಾತು ತಪ್ಪುತ್ತಿದೆ ಎಂದುಕೊಂಡಿರಬೇಕು.

"ನಾನು ಆಗ ನೂಲಿನ ಗಿರಣಿಗೆ ಹೋಗ್ತಿದ್ದೆ, ಎರಡನೇ ಪಾಳಿ," ಎಂದರು ಅತ್ತೆ, ಕಿಟಕಿಯಿಂದ ಕಣ್ಣು ತೆಗೆಯದೆ. "ತಿರುವು ದಾಟಿದ್ರೆ ಕಿಟಕಿ ಕಾಣ್ತಿತ್ತು. ಇವರು ನಿಂತಿರ್ತಿದ್ರು. ಬೆಳಕು ಹಿಂದೆ ಇರೋದು, ಮುಖ ಕಾಣ್ತಿರ್ಲಿಲ್ಲ. ಕಪ್ಪಗೆ, ಇಷ್ಟು. ನಾನು ಬಾಗಿಲು ತಟ್ಟೋ ಹೊತ್ತಿಗೆ ಏನೂ ಗೊತ್ತಿಲ್ದೋರ ಥರ ಪೇಪರ್ ಓದ್ತಾ ಕೂತಿರ್ತಿದ್ರು. ಈ ಊರಲ್ಲೂ ಆ ಕಿಟಕೀಲಿ ಒಂದು ಕಪ್ಪು ಇತ್ತು. ಯಾರಿಗೂ ಹೇಳಿರ್ಲಿಲ್ಲ ನಾನು. ಅವರೂ ಹೇಳ್ಲಿಲ್ಲ. ಇದು ನಿನ್ನದು ಅಂದ್ರು, ಅಷ್ಟೇ."

ಸೊಸೆಯ ಪುಸ್ತಕದಲ್ಲಿ, ಕೆಂಪು ಅಕ್ಷರದಲ್ಲಿ, ಪಕ್ಕದಲ್ಲೊಂದು ಸರಿ ಗುರುತು ಹಾಕಿ ಬರೆದದ್ದು: 'ಕೆಲವು ಮನೆಗಳಲ್ಲಿ ಹೊಗೆಗೂಡು ತಪ್ಪಿ ಕಿಟಕಿಯ ಮೇಲೆ ಬೀಳುತ್ತಿದೆ. ಪಕ್ಕಕ್ಕೆ ಸರಿಸಿದೆ.' ಆ ತಪ್ಪು ತಿದ್ದಿದ ದಿನ ಅವಳಿಗೆ ಎಷ್ಟು ಸಮಾಧಾನವಾಗಿತ್ತು. ಮಾವ ಎಚ್ಚರವಾದಾಗ ಹೇಳಬೇಕೆಂದುಕೊಂಡಿದ್ದಳು.

"ಅಮ್ಮಾ, ಎಲ್ಲರೂ ಎದ್ದು ನಿಂತಿದಾರೆ," ಎಂದ ಗಂಡ.

"ಒಂದೇ ಒಂದು ನಿಮಿಷ ರೀ," ಎಂದಳು ಸೊಸೆ. ತಾನು ಬರೆದ ಆ ಸಾಲನ್ನು ಹುಡುಕಿದಳು. ಮೇಲೆ, ಕೆಳಗೆ, ಮತ್ತೆ ಮೇಲೆ. ಸಿಕ್ಕಿತು. ಬೇರೇನನ್ನಾದರೂ ಅಳಿಸಿಬಿಟ್ಟರೆ ಎಂಬ ಭಯಕ್ಕೆ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ಒಂದೊಂದೇ ಅಕ್ಷರ ಅಳಿಸಿದಳು. ಏಳು, ಸೊನ್ನೆ, ಮೂರು, ಒಂದು, ಆರು. ಒತ್ತಿದಳು. ಅತ್ತೆಯ ಮುಖ ನೋಡುವ ಧೈರ್ಯವಾಗದೆ ಪರದೆಯನ್ನೇ ನೋಡಿದಳು.

ಹೊಳೆ ಬಳುಕಿತು. ಸೇತುವೆ ಬಂತು. ಬೀದಿ ಕವಲೊಡೆಯಿತು. ಮನೆಗಳು ಕೂರುತ್ತಾ ಕೂರುತ್ತಾ ತುದಿಯವರೆಗೆ ಹೋದವು. ಹಳದಿ ಕಿಟಕಿ ಬೆಳಗಿತು, ಅದರ ನಡುವೆ, ಕೆಳಗೆ ಅಗಲ ಮೇಲೆ ಕಿರಿದು, ಒಂದು ಬೆರಳುಗುರಿನಷ್ಟು ಕಪ್ಪು.

ಅತ್ತೆ ಎದ್ದು ನಿಂತರು. ಹಣೆಗೆ ಬಿದ್ದಿದ್ದ ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಒತ್ತಿ, ಕಿಟಕಿಯಿಂದ ಕಣ್ಣು ತೆಗೆಯದೆಯೇ, ಗಿರಣಿಯ ಪಾಳಿ ಮುಗಿಸಿ ಮನೆಗೆ ಹೊರಟವರ ಹಾಗೆ ಕಾಲಿನಲ್ಲಿ ಚಪ್ಪಲಿಗಾಗಿ ತಡಕಾಡತೊಡಗಿದರು.